ಹಿಂದಿನ ಚಕ್ರದ ಟಕ್ ಟಕ್: ಬಿಚ್ಚುವ ಮೊದಲು ಎಣಿಸಿ

ಮಳೆಗಾಲ ಕಳೆಯುವ ಹೊತ್ತಿಗೆ ಗ್ಯಾರೇಜುಗಳಿಗೆ ಬರುವ ದೂರುಗಳಲ್ಲಿ ಇದೊಂದು ಇದ್ದೇ ಇರುತ್ತದೆ: ‘ಹಿಂದಿನಿಂದ ಏನೋ ಸದ್ದು ಬರ್ತಿದೆ.’ ಎಂಥ ಸದ್ದು ಎಂದು ಕೇಳಿದರೆ ಒಬ್ಬರು ಸರ್ ಸರ್ ಎನ್ನುತ್ತಾರೆ, ಇನ್ನೊಬ್ಬರು ಟಕ್ ಟಕ್, ಮತ್ತೊಬ್ಬರು ಕಿರ್ ಕಿರ್. ಒಂದು ಮಾತಿನಲ್ಲಿ ಮಾತ್ರ ಎಲ್ಲರೂ ಒಂದೇ. ಸದ್ದಿಗೆ ತಾಳವಿದೆ, ಕಾರು ನಿಧಾನವಾದರೆ ಅದೂ ನಿಧಾನ, ವೇಗ ಹೆಚ್ಚಿದರೆ ಅದೂ ಚುರುಕು. ಮೆಕ್ಯಾನಿಕ್ ಡ್ರಮ್ ಬಿಚ್ಚಿ, ಧೂಳು ಊದಿ, ಹೊಸ ಬ್ರೇಕ್ ಶೂ ಹಾಕಿ ಕಳಿಸುತ್ತಾರೆ. ಕೆಲವೇ ದಿನಗಳಲ್ಲಿ ಸದ್ದು ಮತ್ತೆ ಹಾಜರ್. ಶೂ ಸವೆದಿದ್ದು ನಿಜವೇ ಇರಬಹುದು, ಸದ್ದಿನ ಮೂಲ ಬೇರೆಲ್ಲೋ ಇತ್ತು.

ಆ ತಾಳವನ್ನೇ ಹಿಡಿದು ಹೊರಟರೆ ಅರ್ಧ ಪತ್ತೇದಾರಿ ಮುಗಿದಂತೆ. ನಮ್ಮಲ್ಲಿ ಬಹಳ ಕಾರುಗಳಿಗಿರುವ 165/80 ಆರ್14 ಅಳತೆಯ ಟೈರ್ ತೆಗೆದುಕೊಳ್ಳಿ. ಅದರ ಸುತ್ತಳತೆ ಸುಮಾರು 1.95 ಮೀಟರ್. ಕಾರು ಗಂಟೆಗೆ 10 ಕಿ.ಮೀ. ವೇಗದಲ್ಲಿದ್ದರೆ ಚಕ್ರ ಹತ್ತು ಸೆಕೆಂಡಿನಲ್ಲಿ ಸುಮಾರು 14 ಸುತ್ತು ಸುತ್ತುತ್ತದೆ, 20 ಕಿ.ಮೀ. ಆದರೆ 28. ಖಾಲಿ ರಸ್ತೆಯಲ್ಲಿ ಕಿಟಕಿ ಇಳಿಸಿ, ಪಕ್ಕದಲ್ಲಿ ಕೂತವರು ಮೊಬೈಲಿನ ಗಡಿಯಾರ ನೋಡುತ್ತ ಎಣಿಸಲಿ. ಹತ್ತು ಕಿ.ಮೀ. ವೇಗದಲ್ಲಿ ಎಣಿಕೆ 13, 14ರ ಆಸುಪಾಸು ಬಂದರೆ ಸುತ್ತಿಗೊಂದು ಪೆಟ್ಟು ಎಂದರ್ಥ. ಚಕ್ರದ ಜೊತೆ ತಿರುಗುವ ಯಾವುದೋ ಒಂದು ಜಾಗದಲ್ಲಿ ದೋಷವಿದೆ: ಡ್ರಮ್, ಡಿಸ್ಕ್, ರಿಮ್ ಅಥವಾ ಟೈರ್. ಸುತ್ತಿಗೆ ಹಲವು ಸಲ ಕೇಳಿದರೆ, ಅಥವಾ ಎಣಿಸಲಾಗದ ಗುಂಯ್ ಎನ್ನುವ ನಾದವಾದರೆ, ಬೇರಿಂಗ್ ಕಡೆ ಗಮನ ಹರಿಸಬೇಕು. ಎಡ ತಿರುವಿನಲ್ಲಿ ಭಾರ ಬಲಕ್ಕೆ ವಾಲುತ್ತದೆ. ಆಗ ಗುಂಯ್ ಜೋರಾದರೆ ಅನುಮಾನ ಬಲಗಡೆಯ ಬೇರಿಂಗ್ ಮೇಲೆ.

ಎರಡನೆಯ ಪ್ರಶ್ನೆ, ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದೆಯೋ, ಯಾವಾಗಲೂ ಬರುತ್ತದೆಯೋ? ಒತ್ತಿದಾಗ ಮಾತ್ರ ಬಂದು, ಪೆಡಲ್ ಕೂಡ ಕಾಲಿನಡಿ ಮಿಡಿದರೆ, ಡ್ರಮ್ ತನ್ನ ದುಂಡುತನ ಕಳೆದುಕೊಂಡಿರುವ ಸಾಧ್ಯತೆ ಹೆಚ್ಚು. ನಡುಕ ಸ್ಟಿಯರಿಂಗಿಗೆ ಬಂದರೆ ಸಾಮಾನ್ಯವಾಗಿ ಮುಂದಿನ ಡಿಸ್ಕಿನದು, ಸೀಟಿಗೆ ಬಂದರೆ ಹಿಂದಿನದು. ಖಾತ್ರಿ ಮಾಡಿಕೊಳ್ಳಲು ಹ್ಯಾಂಡ್‌ಬ್ರೇಕ್ ಇದೆ, ಅದು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂದೆ ಮುಂದೆ ವಾಹನವಿಲ್ಲದ, ಒಣಗಿದ, ನೇರ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ, ಲಿವರಿನ ಗುಂಡಿಯನ್ನು ಒತ್ತಿ ಹಿಡಿದೇ ಮೆಲ್ಲಗೆ ಎಳೆಯಬೇಕು. ಅದೇ ಸದ್ದು ಬಂದರೆ ಕಳ್ಳ ಹಿಂದೆಯೇ ಇದ್ದಾನೆ. ಸ್ವಿಚ್ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ.

ಡ್ರಮ್ ಏಕೆ ದುಂಡು ತಪ್ಪುತ್ತದೆ? ಘಟ್ಟದ ರಸ್ತೆಗಳ ನಾಡಿನಲ್ಲಿ ಇದನ್ನು ಕೊಂಚ ಬಿಡಿಸಿ ಹೇಳಬೇಕು. ಚಾರ್ಮಾಡಿ ಅಥವಾ ಆಗುಂಬೆಯನ್ನು ಮೇಲಿನ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಎರಕದ ಕಬ್ಬಿಣದ ಡ್ರಮ್ ವಿಪರೀತ ಕಾಯುತ್ತದೆ. ಕೆಳಗೆ ಬಂದು ಚಹಾಕ್ಕೆ ನಿಲ್ಲಿಸಿ ಹ್ಯಾಂಡ್‌ಬ್ರೇಕನ್ನು ಬಿಗಿಯಾಗಿ ಎಳೆದರೆ, ಕಾದ ಡ್ರಮ್ಮನ್ನು ಎರಡು ಶೂಗಳು ಎದುರುಬದುರಿನಿಂದ ಒತ್ತಿ ಹಿಡಿಯುತ್ತವೆ. ಆ ಒತ್ತಡದಲ್ಲೇ ತಣಿಯುತ್ತ ಕುಗ್ಗುವಾಗ ಅದು ತುಸುವೇ ಅಂಡಾಕಾರಕ್ಕೆ ತಿರುಗಬಹುದು. ಕಣ್ಣಿಗೆ ಕಾಣದ ಈ ವ್ಯತ್ಯಾಸ ಕಾಲಿಗೂ ಕಿವಿಗೂ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಇಳಿದು ಎಂಜಿನ್ನಿಗೆ ತಡೆಯುವ ಕೆಲಸ ಕೊಡುವುದು, ನಿಂತ ಮೇಲೆ ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು, ಇವೆರಡೂ ದುಡ್ಡು ಖರ್ಚಿಲ್ಲದ ಪರಿಹಾರ. ಪಂಕ್ಚರ್ ಅಂಗಡಿಯ ಏರ್ ಗನ್ನಿನಿಂದ ನಟ್ಟುಗಳನ್ನು ಒಂದೊಂದು ಒಂದೊಂದು ರೀತಿ ಬಿಗಿದರೂ ಡ್ರಮ್ ಅಥವಾ ಡಿಸ್ಕ್ ಸೊಟ್ಟಗಾಗುತ್ತದೆ. ಎದುರುಬದುರು ಕ್ರಮದಲ್ಲಿ, ಕಾರಿನ ಕೈಪಿಡಿ ಹೇಳುವ ಅಳತೆಗೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಸಬೇಕು.

ಬ್ರೇಕ್ ಮುಟ್ಟದಿದ್ದರೂ ಸದ್ದು ಬರುತ್ತಿದ್ದರೆ ಮೊದಲು ಹೊರಗಿನದನ್ನೇ ನೋಡಬೇಕು. ಟೈರಿನ ಹಲ್ಲುಗಳ ನಡುವೆ ಸಿಕ್ಕಿಕೊಂಡ ಜಲ್ಲಿ, ಸಡಿಲವಾದ ವೀಲ್ ಕ್ಯಾಪ್, ಟೈರಿನ ಪಕ್ಕದಲ್ಲಿ ಎದ್ದ ಗುಬ್ಬು, ಇವೆಲ್ಲ ಸುತ್ತಿಗೊಂದು ಪೆಟ್ಟು ಕೊಡುವಂಥವೇ. ಗುಬ್ಬು ಕಂಡರೆ ಆ ಟೈರಿನಲ್ಲಿ ಮುಂದೆ ಓಡಿಸಬಾರದು. ಇಲ್ಲದಿದ್ದರೆ ಹಿಂದಿನ ಚಕ್ರವನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಹಾಕಿ ಓಡಿಸಿ ನೋಡಬಹುದು. ಸದ್ದು ಚಕ್ರದ ಜೊತೆ ಜಾಗ ಬದಲಿಸಿತೋ, ದೋಷ ಚಕ್ರದ್ದು. ಹಿಂದೆಯೇ ಉಳಿಯಿತೋ, ಬ್ರೇಕಿನದು ಅಥವಾ ಬೇರಿಂಗಿನದು.

ಇನ್ನು ಚಕ್ರ ಎತ್ತುವುದು. ಮುಂದಿನ ಚಕ್ರಗಳಿಂದ ಓಡುವ ಸಣ್ಣ ಕಾರುಗಳಲ್ಲಿ ಇದು ಸುಲಭ: ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮೊದಲ ಗೇರಿನಲ್ಲಿಟ್ಟು, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲಷ್ಟೇ ಹ್ಯಾಂಡ್‌ಬ್ರೇಕ್ ಬಿಡಬೇಕು. ಜಾಕ್ ಒಂದನ್ನೇ ನಂಬಿ ಕಾರಿನಡಿ ತಲೆ ಹಾಕಲೇಬಾರದು. ಜಾಕ್ ಜಾರಿದರೆ ಜೀವಕ್ಕೇ ಅಪಾಯ. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ, ಸರ್ ಎಂದ ಕಡೆ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಪ್ರತಿ ಸುತ್ತಿಗೂ ಅದೇ ಗುರುತಿನ ಬಳಿ ಸರ್ ಎಂದರೆ ಡ್ರಮ್ ಅಥವಾ ಡಿಸ್ಕಿನ ಒಂದು ಜಾಗ ಉಜ್ಜುತ್ತಿದೆ. ಇಡೀ ಸುತ್ತು ಸಮನಾಗಿ ಬಿಗಿಯಿದ್ದರೆ ಶೂ ಹೆಚ್ಚಾಗಿ ಅಡ್ಜಸ್ಟ್ ಆಗಿದೆ, ಇಲ್ಲವೇ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಹಿಂದಕ್ಕೆ ಬರುತ್ತಿಲ್ಲ.

ಡ್ರಮ್ ತೆಗೆದಾಗ ಕಾಣುವ ದೃಶ್ಯವನ್ನು ಕಾರಿನವರು ಒಮ್ಮೆಯಾದರೂ ನಿಂತು ನೋಡಬೇಕು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ತಡೆಯುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರಗಳದು. ಹಿಂದಿನ ಶೂ ಬೇಗ ಸವೆಯುವುದಿಲ್ಲ, ಹಾಗಾಗಿ ಅದನ್ನು ವರ್ಷಗಟ್ಟಲೆ ಯಾರೂ ಬಿಚ್ಚುವುದೂ ಇಲ್ಲ. ಒಳಗೆ ಕಪ್ಪು ಧೂಳು ಮೆತ್ತಿರುತ್ತದೆ. ಡ್ರಮ್ಮಿನ ಅಂಚಿನಲ್ಲಿ ತುಕ್ಕಿನ ಏಣು ಎದ್ದಿರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಈ ಏಣು ಇನ್ನೂ ದಪ್ಪ. ಮಳೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಕಾರಾದರೆ, ಶೂ ಅಂಟಿದ್ದ ಜಾಗದ ಆಕಾರವೇ ಒಳಮೈಯಲ್ಲಿ ಅಚ್ಚೊತ್ತಿರುತ್ತದೆ. ಪ್ರತಿ ಸುತ್ತಿನಲ್ಲೂ ಆ ಅಚ್ಚಿನ ಮೇಲೆ ಶೂ ಹಾದುಹೋದಾಗ ಸದ್ದು. ರಾತ್ರಿಯ ಮಳೆಗೆ ಕೂತ ತೆಳು ತುಕ್ಕು ಮಾತ್ರ ಬೆಳಗಿನ ನಾಲ್ಕಾರು ಬ್ರೇಕಿಗೇ ಉಜ್ಜಿ ಹೋಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಧೂಳನ್ನು ಗಾಳಿ ಹೊಡೆದು ಹಾರಿಸುವ ರೂಢಿ ಕೆಟ್ಟದ್ದು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ ಎಂದು ಗ್ರಾಹಕರೇ ಹೇಳಬೇಕು, ಮೆಕ್ಯಾನಿಕ್ಕಿನ ಆರೋಗ್ಯಕ್ಕಾಗಿ.

ರಿಪೇರಿಯಿಂದಲೇ ಹುಟ್ಟುವ ಸದ್ದೊಂದಿದೆ, ಬಹಳ ಮಂದಿಯನ್ನು ದಿಕ್ಕೆಡಿಸುವಂಥದ್ದು. ಡ್ರಮ್ಮನ್ನು ಲೇತಿಗೆ ಹಾಕಿ ಒಳಮೈ ಹೆರೆಸಿದಾಗ ಉಳಿ ಅವಸರದಲ್ಲಿ ಸಾಗಿದರೆ ಸ್ಕ್ರೂವಿನಂಥ ಸುರುಳಿ ಗೀರು ಉಳಿಯುತ್ತದೆ. ಬ್ರೇಕ್ ಹಾಕಿದಾಗ ಶೂ ಆ ಗೀರನ್ನು ಹಿಡಿದು ಪಕ್ಕಕ್ಕೆ ಸರಿಯುತ್ತ ಹೋಗಿ, ಸ್ಪ್ರಿಂಗಿನ ಎಳೆತಕ್ಕೆ ಟಕ್ಕನೆ ಹಿಂದಿರುಗಿ ತಗಡಿಗೆ ಬಡಿಯುತ್ತದೆ. ಒರಟು ಮರಳುಕಾಗದದಿಂದ ಒಳಮೈಯನ್ನು ಅಡ್ಡಡ್ಡ ಉಜ್ಜಿದರೆ ಸಾಕು, ಹೊಸ ಶೂ ಬೇಕಿಲ್ಲ. ಹೆರೆಸುವುದಕ್ಕೂ ಮಿತಿಯಿದೆ. ಎಷ್ಟು ವ್ಯಾಸದವರೆಗೆ ಬಳಸಬಹುದು ಎಂಬುದನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದನ್ನು ಮೀರಿದ್ದು ಗುಜರಿಗೆ ಹೋಗಬೇಕಾದ ಮಾಲು.

ಎಬಿಎಸ್ ಇರುವ ಕಾರುಗಳಲ್ಲಿ ಜೋರು ಬ್ರೇಕ್ ಹಾಕಿದಾಗ ಪೆಡಲ್ ಗರಗರ ಅದುರುವುದು ಸಹಜ. ನಿಧಾನವಾಗಿ ನಿಲ್ಲಿಸುವಾಗಲೂ ಹಾಗಾಗುತ್ತಿದ್ದರೆ ಚಕ್ರದ ವೇಗ ಅಳೆಯುವ ಸೆನ್ಸರ್ ಅಥವಾ ಅದರ ಉಂಗುರವನ್ನು ಪರೀಕ್ಷಿಸಬೇಕು.

ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದ್ದರೆ, ಬ್ರೇಕ್ ಆಯಿಲ್ ಮಟ್ಟ ಇಳಿದಿದ್ದರೆ, ಓಡಿಸಿ ಬಂದಾಗ ಒಂದು ಚಕ್ರದ ಬಳಿ ಮಾತ್ರ ವಿಪರೀತ ಬಿಸಿ ಅಥವಾ ಸುಟ್ಟ ವಾಸನೆ ಬಂದರೆ, ಎಣಿಸುತ್ತ ಕೂರುವ ಸಮಯವಲ್ಲ. ಕಾರನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ. ಉಳಿದಂತೆ, ಗ್ಯಾರೇಜಿಗೆ ಹೋದಾಗ ‘ಸದ್ದು ಬರ್ತಿದೆ’ ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. ಯಾವ ವೇಗದಲ್ಲಿ, ಸುತ್ತಿಗೆ ಎಷ್ಟು ಸಲ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ ಎಂಬುದನ್ನು ಬರೆದುಕೊಂಡು ಹೋಗಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಯಿರಿ. ಡ್ರಮ್ ಬಿಚ್ಚಿದಾಗ ಅಲ್ಲೇ ನಿಂತು, ಅಳತೆ ತೆಗೆದು ತೋರಿಸುವಂತೆ ಕೇಳಿ.