ತೊಲೆಯೊಳಗಿನ ಕುಂಬು: ಪತ್ತೆ ಹೇಗೆ?

ಮಲೆನಾಡಿನ ಹಳೆಯ ಮನೆಗಳಲ್ಲಿ ಉಪ್ಪರಿಗೆಯ ಹಲಗೆಗಳನ್ನು ಹೊರುವುದು ಮರದ ತೊಲೆಗಳು. ಹೊರಮೈ ಗಟ್ಟಿಯಾಗಿ ಕಂಡರೂ ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಒಳಗೇ ಕುಂಬಾಗಿರಬಹುದು. ತೊಲೆಯನ್ನು ಕತ್ತರಿಸದೆ ಇದನ್ನು ತಿಳಿಯುವುದು ಹೇಗೆ?

ಮರವನ್ನು ಕುಂಬಾಗಿಸುವುದು ಶಿಲೀಂಧ್ರಗಳು. ಅವುಗಳಿಗೆ ಆಹಾರ, ಗಾಳಿ, ಹದವಾದ ಉಷ್ಣತೆ ಮತ್ತು ನೀರು ಬೇಕು. ಮೊದಲ ಮೂರು ಎಲ್ಲ ಮನೆಗಳಲ್ಲೂ ಇರುವುದರಿಂದ ನೀರೇ ನಿರ್ಣಾಯಕ. ತೇವಾಂಶವು ಒಣಮರದ ತೂಕದ ಶೇ. 20ಕ್ಕಿಂತ ಕಡಿಮೆಯಿದ್ದರೆ ಭಯವಿಲ್ಲ. ಸುಮಾರು ಶೇ. 30 ದಾಟಿದರೆ ಶಿಲೀಂಧ್ರ ಚುರುಕಾಗಿ ಬೆಳೆಯುತ್ತದೆ. ಹೀಗಾಗಿ ಹೆಂಚು ಸೋರುವ ಜಾಗ, ಗೋಡೆಗೆ ತಾಗಿದ ತುದಿ, ಮರಗಳ ಕೂಡುಗಳನ್ನು ಮೊದಲು ಪರೀಕ್ಷಿಸಬೇಕು.

ಕೆಲವು ಶಿಲೀಂಧ್ರಗಳು ಸೆಲ್ಯುಲೋಸನ್ನು ತಿಂದು ಲಿಗ್ನಿನ್ನನ್ನು ಉಳಿಸುತ್ತವೆ. ಆಗ ಮರದ ತೂಕ ಶೇ. 10ರಷ್ಟು ಇಳಿಯುವುದರೊಳಗೆ ಅದರ ಬಲ ಅರ್ಧಕ್ಕಿಂತ ಹೆಚ್ಚು ಕುಗ್ಗಿರಬಹುದು. ಕುಂಬು ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಸರಳ ಪರೀಕ್ಷೆಗೆ ದಬ್ಬಳ ಸಾಕು. ಅದರ ಮೊನೆಯನ್ನು ಮರಕ್ಕೆ ಚುಚ್ಚಿ ಮೀಟಿ. ಗಟ್ಟಿ ಮರವಾದರೆ ಉದ್ದನೆಯ ಸಿಬಿರು ಚಟ್ಟನೆ ಏಳುತ್ತದೆ. ಕುಂಬಾದ ಮರ ತುಂಡುತುಂಡಾಗಿ ಪುಡಿಯಾಗುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಮೊದಲನೆಯದು ಸ್ಪಷ್ಟವಾಗಿ ದನಿಗೊಡುತ್ತದೆ. ಎರಡನೆಯದರ ದನಿ ಮಂದ. ಆದರೆ ಆಳದಲ್ಲಿ ಈಗಷ್ಟೇ ಆರಂಭವಾದ ಕುಂಬು ಇವುಗಳಿಗೆ ಸಿಗುವುದಿಲ್ಲ.

ತೇವಮಾಪಕವು ಮರಕ್ಕೆ ಚುಚ್ಚಿದ ಎರಡು ಸೂಜಿಗಳ ನಡುವಿನ ವಿದ್ಯುತ್ ರೋಧವನ್ನು ಅಳೆಯುತ್ತದೆ. ತೇವಾಂಶ ಶೇ. 7ರಿಂದ 20ಕ್ಕೆ ಏರಿದರೆ ರೋಧ ಸಾವಿರಾರು ಪಟ್ಟು ಇಳಿಯುತ್ತದೆ. ಆದರೆ ಈ ಉಪಕರಣ ತೋರಿಸುವುದು ನೀರನ್ನು, ಕುಂಬನ್ನಲ್ಲ. ಮಳೆಗಾಲದಲ್ಲಿ ಕುಂಬಾದ ತೊಲೆ ಬೇಸಿಗೆಯಲ್ಲಿ ಒಣಗಿ ನಮ್ಮನ್ನು ಮೋಸಗೊಳಿಸೀತು.

ಒಳಗಿನ ಸುದ್ದಿ ತರುವುದು ಧ್ವನಿತರಂಗ. ಅದರ ವೇಗ ಮರದ ಸ್ಥಿತಿಸ್ಥಾಪಕತೆ ಮತ್ತು ಸಾಂದ್ರತೆಗಳ ಅನುಪಾತದ ವರ್ಗಮೂಲವನ್ನು ಅವಲಂಬಿಸುತ್ತದೆ. ಕುಂಬಿನಲ್ಲಿ ಸಾಂದ್ರತೆಗಿಂತ ಸ್ಥಿತಿಸ್ಥಾಪಕತೆ ಬೇಗ ಕುಗ್ಗುವುದರಿಂದ ವೇಗವೂ ತಗ್ಗುತ್ತದೆ. ಉದಾಹರಣೆಗೆ, ನಾರಿಗೆ ಅಡ್ಡವಾಗಿ ವೇಗ ಸೆಕೆಂಡಿಗೆ 1,250 ಮೀಟರ್ ಎಂದಾದರೆ 20 ಸೆಂ.ಮೀ. ಅಗಲದ ತೊಲೆಯನ್ನು ದಾಟಲು ತರಂಗಕ್ಕೆ 160 ಮೈಕ್ರೋಸೆಕೆಂಡ್ ಸಾಕು. ಅದೇ ತೊಲೆಯ ಇನ್ನೊಂದೆಡೆ 240 ಮೈಕ್ರೋಸೆಕೆಂಡ್ ಬೇಕಾದರೆ, ಅಂದರೆ ಕಾಲ ಒಂದೂವರೆ ಪಟ್ಟಾದರೆ, ಅಲ್ಲಿ ತೀವ್ರ ಕುಂಬಿನ ಶಂಕೆ ಬಲವಾಗುತ್ತದೆ. ಬಿರುಕು ಕೂಡ ತರಂಗವನ್ನು ತಡಮಾಡುವುದರಿಂದ, ಸಂಶಯವಿದ್ದಲ್ಲಿ ಭೈರಿಗೆಯಿಂದ ಸಣ್ಣ ರಂಧ್ರ ಕೊರೆದು ಹೊರಬರುವ ಪುಡಿಯನ್ನು ನೋಡಬೇಕು.

ಯಾವ ಒಂದು ಪರೀಕ್ಷೆಯೂ ಪೂರ್ತಿ ಉತ್ತರ ಕೊಡದು. ಎರಡು ಮೂರು ಪರೀಕ್ಷೆಗಳು ಒಂದೇ ಜಾಗವನ್ನು ತೋರಿಸಿದರೆ ತಡಮಾಡದೆ ತೊಲೆಗೆ ಊರೆ ಕೊಟ್ಟು ದುರಸ್ತಿ ಮಾಡಿಸಬೇಕು. ನೀರು ಬರುವ ದಾರಿಯನ್ನು ಮುಚ್ಚದಿದ್ದರೆ ಹೊಸ ತೊಲೆಗೂ ಅದೇ ಗತಿ.