ಕೃತಕ ಬುದ್ಧಿಮತ್ತೆಯ ಚಿತ್ರಗಳು ಮತ್ತು ಆಕರ ಪರಿಶೀಲನೆ

ಸಂಶೋಧನೆಯಲ್ಲಿ ಚಿತ್ರವೂ ಒಂದು ಆಕರ. ಶಾಸನದ ಪಡಿಯಚ್ಚು, ದೇಗುಲದ ಛಾಯಾಚಿತ್ರ, ವ್ಯಕ್ತಿಯ ಭಾವಚಿತ್ರ ಇವೆಲ್ಲ ಲಿಖಿತ ದಾಖಲೆಗಳಿಗೆ ಪೂರಕವಾಗಿ ಒದಗುತ್ತವೆ. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ರಚಿತವಾದ ಚಿತ್ರಗಳು ಛಾಯಾಚಿತ್ರದ ರೂಪದಲ್ಲಿಯೇ ಪ್ರಸಾರವಾಗುತ್ತಿವೆ. ಅವುಗಳನ್ನು ಗುರುತಿಸುವ ಹಾಗೂ ಪರೀಕ್ಷಿಸುವ ಕ್ರಮವನ್ನು ಹೂವಿನ ಹಿಪ್ಪರಗಿಯನ್ನೊಳಗೊಂಡ ವಿಜಯಪುರ ಜಿಲ್ಲೆಯ ನಿದರ್ಶನಗಳೊಡನೆ ಇಲ್ಲಿ ವಿವೇಚಿಸಲಾಗಿದೆ.

ಇಂತಹ ತಂತ್ರಾಂಶವು ಅಪಾರ ಸಂಖ್ಯೆಯ ಚಿತ್ರಗಳಿಂದ ರೂಪಸಾಮ್ಯಗಳನ್ನು ಕಲಿತಿರುತ್ತದೆ. ಅನಂತರ ಅಸ್ತವ್ಯಸ್ತವಾದ ಚುಕ್ಕೆಗಳ ರಾಶಿಯನ್ನು ಹಂತಹಂತವಾಗಿ ತಿದ್ದುತ್ತ ಸಂಭವನೀಯ ರೂಪವೊಂದನ್ನು ಮೂಡಿಸುತ್ತದೆ. ಅದು ತೋರಿಸುವುದು ‘ಹೀಗಿರಬಹುದು’ ಎಂಬುದನ್ನೇ ಹೊರತು ‘ಹೀಗಿತ್ತು’ ಎಂಬುದನ್ನಲ್ಲ. ಬೆರಳುಗಳ ಸಂಖ್ಯೆ, ನೆರಳಿನ ದಿಕ್ಕು, ಆಭರಣಗಳ ಜೋಡಣೆ, ಫಲಕದ ಮೇಲಿನ ಒತ್ತಕ್ಷರಗಳು ಅಸಂಗತವಾಗಿದ್ದರೆ ಸಂಶಯಪಡಬೇಕು. ಆದರೆ ತಂತ್ರಜ್ಞಾನ ಸುಧಾರಿಸಿದಂತೆ ಈ ದೋಷಗಳು ಮರೆಯಾಗುತ್ತಿವೆ. ಆದ್ದರಿಂದ ದೋಷ ಕಾಣದಿರುವುದು ಸಾಚಾತನಕ್ಕೆ ಪ್ರಮಾಣವಾಗದು.

2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಕಚೇರಿಗಳಲ್ಲಿ ಕಾಣುವ ಅವರ ಭಾವಚಿತ್ರವು ಕಲಾವಿದರ ಕಲ್ಪನೆಯೆಂಬುದು ನೋಡಿದೊಡನೆ ತಿಳಿಯುತ್ತದೆ, ಅದರಲ್ಲಿ ವಂಚನೆಯಿಲ್ಲ. ಅದೇ ಮುಖವನ್ನು ಚರ್ಮದ ಸುಕ್ಕು, ಕಣ್ಣಿನ ಹೊಳಪುಗಳೊಡನೆ ಯಂತ್ರವು ರಚಿಸಿಕೊಟ್ಟಾಗ ‘ಇದೇ ನಿಜರೂಪ’ ಎಂಬ ಭ್ರಮೆ ಹುಟ್ಟುತ್ತದೆ. ಛಾಯಾಚಿತ್ರಕಲೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಬಸವಣ್ಣನವರದು 12ನೆಯ ಶತಮಾನ. ಇಲ್ಲಿ ಕಾಲವಿವೇಚನೆಯೊಂದೇ ಸಾಕು.

ಶಾಸನಗಳ ವಿಷಯದಲ್ಲಿ ಅಪಾಯ ಇನ್ನೂ ಸೂಕ್ಷ್ಮವಾದುದು. ಸವೆದ ಕಲ್ಲಿನ ಮಸುಕು ಚಿತ್ರವನ್ನು ‘ಸ್ಪಷ್ಟಗೊಳಿಸಲು’ ಇಂತಹ ತಂತ್ರಾಂಶಕ್ಕೆ ಒಪ್ಪಿಸಿದರೆ, ಅದು ಅಳಿದುಹೋದ ಅಕ್ಷರದ ಸ್ಥಾನದಲ್ಲಿ ತಾನೇ ಒಂದು ರೇಖೆಯನ್ನು ತುಂಬಬಹುದು. ಶಾಸನತಜ್ಞರು ತಮ್ಮ ಊಹಾಪಾಠವನ್ನು ಕಂಸದಲ್ಲಿರಿಸಿ ಸೂಚಿಸುತ್ತಾರೆ. ಯಂತ್ರಕ್ಕೆ ಆ ಸಂಕೋಚವಿಲ್ಲ. ಅಂತಹ ಒಂದು ಅಕ್ಷರದಿಂದ ದಾನಿಯ ಹೆಸರಾಗಲಿ ತೇದಿಯಾಗಲಿ ಬದಲಾದರೆ, ಇತಿಹಾಸದ ನಿರ್ಣಯವೇ ತಪ್ಪುತ್ತದೆ.

ಪರಿಹಾರವು ನಮಗೆ ಹೊಸದಲ್ಲ. ವಿಜಯಪುರವನ್ನು ಕರ್ಮಭೂಮಿಯಾಗಿಸಿಕೊಂಡ ಫ. ಗು. ಹಳಕಟ್ಟಿಯವರು (1880–1964) ತಾಳೆಗರಿಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಪ್ರತಿ ಎಲ್ಲಿಂದ ಬಂದಿತು, ಯಾರ ಬಳಿಯಿತ್ತು, ಇತರ ಪ್ರತಿಗಳೊಡನೆ ಹೊಂದುತ್ತದೆಯೇ ಎಂದು ಕೇಳುವುದು ಗ್ರಂಥಸಂಪಾದನೆಯ ಮೊದಲ ಪಾಠ. ಚಿತ್ರಕ್ಕೂ ಇವೇ ಪ್ರಶ್ನೆಗಳನ್ನು ಕೇಳಬೇಕು. ತೆಗೆದವರು, ಸ್ಥಳ, ದಿನಾಂಕಗಳನ್ನು ವಿಚಾರಿಸಬೇಕು. ಮೂಲ ಕಡತವನ್ನೇ ಪಡೆಯಬೇಕು, ಏಕೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಸಾಗಿ ಬಂದ ಚಿತ್ರದಲ್ಲಿ ಕ್ಯಾಮೆರಾ ದಾಖಲಿಸಿದ ವಿವರಗಳು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಆ ವಿವರಗಳನ್ನೂ ತಿದ್ದಲು ಸಾಧ್ಯವಿರುವುದರಿಂದ, ಸಾಧ್ಯವಾದೆಡೆಯಲ್ಲೆಲ್ಲ ಪಡಿಯಚ್ಚಿನೊಡನೆ ಅಥವಾ ಸ್ಥಳದಲ್ಲಿರುವ ಕಲ್ಲಿನೊಡನೆಯೇ ಹೋಲಿಸಿ ನೋಡಬೇಕು.

ಗ್ರಂಥಾಲಯಗಳು ಮೂಲಚಿತ್ರ, ಸಂಸ್ಕರಿತ ಚಿತ್ರ, ಯಂತ್ರರಚಿತ ಚಿತ್ರಗಳನ್ನು ಸೂಚಿಪಟ್ಟಿಯಲ್ಲಿ ಬೇರೆ ಬೇರೆಯಾಗಿ ನಮೂದಿಸುವುದು ಅವಶ್ಯ. ಇಂದು ಈ ನಮೂದು ತಪ್ಪಿದರೆ, ನಾಳಿನ ಸಂಶೋಧಕನು ಕಲ್ಪನೆಯನ್ನೇ ಆಕರವೆಂದು ಉಲ್ಲೇಖಿಸಿಯಾನು.