ಬರ್ನಂ ಕಾಡು, ಮ್ಯಾಕ್‌ಬೆತ್, ಮತ್ತೆ ಬಾಯಿ ಮುಚ್ಚಿಕೊಂಡ ಬ್ಯಾಂಕೋ

ಬರ್ನಂ ಕಾಡಿಗೂ ನನಗೂ ಹಳೇ ನಂಟು. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ನಮ್ಮ ಕಾಲೇಜಿನ ನಾಟಕ ತಂಡ 'ಮ್ಯಾಕ್‌ಬೆತ್' ಆಡಿದಾಗ ಆ ಕಾಡೇ ನಾನಾಗಿದ್ದೆ. ಡೈಲಾಗ್ ಹೇಳೋಕೆ ನನಗೆ ನಾಲಗೆ ಹೊರಳುತ್ತಿರಲಿಲ್ಲ. ಅದಕ್ಕೆ ನಮ್ಮ ಡೈರೆಕ್ಟರು (ಮೆಕ್ಯಾನಿಕಲ್ ಬ್ರಾಂಚಿನ ಸೀನಿಯರ್) ನನಗೂ ಇನ್ನೈದು ಜನಕ್ಕೂ ಒಂದೊಂದು ಹೊಂಗೆ ಕೊಂಬೆ ಕೊಟ್ಟು, "ನೀವು ಸೈನಿಕರು ಕಣ್ರೋ, ಆದ್ರೆ ನೋಡೋರಿಗೆ ಕಾಡು ನಡ್ಕೊಂಡು ಬಂದ ಹಾಗೆ ಕಾಣ್ಬೇಕು" ಅಂದಿದ್ದ. ಹಾಸ್ಟೆಲ್ ಹಿಂದಿನ ಹೊಂಗೆ ಮರ ಬೋಳಾಗಿ ವಾರ್ಡನ್ ಕೈಲಿ ಬೈಸಿಕೊಂಡದ್ದು ಬಿಟ್ಟರೆ ಆ ನಾಟಕದ್ದು ನನಗೆ ಹೆಚ್ಚೇನೂ ನೆನಪಿರಲಿಲ್ಲ.

ಈಗ ಎಡಿನ್‌ಬರಾಗೆ ಬಂದು ಮೂರು ವರ್ಷ. ಹೋದ ತಿಂಗಳು ಒಂದು ಶನಿವಾರ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ನನ್ನ ರೂಮ್‌ಮೇಟ್ ಹುಬ್ಬಳ್ಳಿಯವನು. "ಮನ್ಯಾಗ ಕುಂತು ಏನ್ ಮಾಡ್ತೀಲೇ, ನಡಿ ಎಲ್ಲ್ಯರ ಹೋಗೂಣು" ಅಂತ ಕಾರು ತೆಗೆದ. ಎ9 ರಸ್ತೆಯಲ್ಲಿ ಪರ್ತ್ ದಾಟಿ ಸ್ವಲ್ಪ ಮುಂದೆ ಹೋಗಿದ್ದೇವೆ, ಬೋರ್ಡ್ ಕಾಣಿಸಿತು: ಡಂಕೆಲ್ಡ್, ಬರ್ನಂ. "ನಿಲ್ಸು ನಿಲ್ಸು!" ಅಂದೆ. ಬರ್ನಂ ಅನ್ನೋದು ನಿಜವಾದ ಊರು ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ ಅಂದ್ರೆ ನೀವು ನಗಬಹುದು.

ಟೇ ನದಿಯ ದಂಡೆ ಹಿಡಿದು ಸ್ವಲ್ಪ ನಡೆದರೆ ಒಂದು ಮುದಿ ಓಕ್ ಮರ. ಬುಡ ಟೊಳ್ಳು. ಕೆಳಗಿನ ಕೊಂಬೆಗಳಿಗೆ ಊರುಗೋಲಿನ ಹಾಗೆ ಕಂಬ ಕೊಟ್ಟು ನಿಲ್ಲಿಸಿದ್ದಾರೆ. ನಾಟಕದಲ್ಲಿ ಬರುವ ಆ ಹಳೇ ಕಾಡಿನಲ್ಲಿ ಉಳಿದಿರುವ ಮರ ಇದು ಅಂತ ಇಲ್ಲಿಯ ಜನ ಹೇಳ್ತಾರೆ. ಮ್ಯಾಕ್‌ಬೆತ್‌ನ ಕೋಟೆ ಇತ್ತು ಅನ್ನುವ ಡನ್ಸಿನೇನ್ ಗುಡ್ಡ ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಶತ್ರು ಸೈನಿಕರು ಇಲ್ಲಿಯ ಕೊಂಬೆ ಕಡಿದು, ಅದನ್ನೇ ಮರೆ ಮಾಡಿಕೊಂಡು ಅಲ್ಲಿಗೆ ನಡೆದರು ಅಂತ ಕಥೆ. ಗೆಳೆಯ ನನ್ನನ್ನ ಮರದ ಮುಂದೆ ನಿಲ್ಲಿಸಿ ಫೋಟೋ ತೆಗೆದು "ನಿಮ್ ಮನಿ ದೇವ್ರು ನೋಡ್ಲೇ" ಅಂದ.

ಮನೆಗೆ ಬಂದವನೇ ನಾಟಕವನ್ನ ಮೊದಲಿಂದ ಓದಿದೆ. ಶೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲೆಲ್ಲಾ ಇದೇ ಚಿಕ್ಕದು, ಒಂದು ಭಾನುವಾರಕ್ಕೆ ಮುಗಿಯುತ್ತೆ. ಓದಿ ಮುಗಿಸಿದ ಮೇಲೆ ಮಾತ್ರ ಯಾಕೋ ಸಮಾಧಾನ ಇಲ್ಲ. ಯಾಕೆ ಅನ್ನೋದನ್ನ ಹೇಳೋಕೇ ಇಷ್ಟೆಲ್ಲಾ ಪೀಠಿಕೆ.

*

ಕಥೆ ಬಹಳ ಜನಕ್ಕೆ ಗೊತ್ತು. ಸ್ಕಾಟ್ಲೆಂಡಿನ ಇಬ್ಬರು ಸೇನಾನಿಗಳು, ಮ್ಯಾಕ್‌ಬೆತ್ ಮತ್ತು ಬ್ಯಾಂಕೋ. ಯುದ್ಧ ಗೆದ್ದು ಬರುವಾಗ ದಾರಿಯಲ್ಲಿ ಮೂವರು ಮಾಟಗಾತಿಯರು ಸಿಗ್ತಾರೆ. ಮ್ಯಾಕ್‌ಬೆತ್‌ಗೆ ಹೇಳೋದು: ನೀನು ಕಾಡರ್‌ನ ಒಡೆಯ ಆಗ್ತೀಯ, ಆಮೇಲೆ ರಾಜ ಆಗ್ತೀಯ. ಬ್ಯಾಂಕೋಗೆ ಹೇಳೋದು: ನೀನು ರಾಜ ಆಗಲ್ಲ, ಆದರೆ ನಿನ್ನ ವಂಶದವರು ಆಗ್ತಾರೆ. ಮೊದಲನೇ ಮಾತು ಅಲ್ಲೇ ನಿಜವಾಗಿಬಿಡುತ್ತೆ. ಮುದುಕ ರಾಜ ಡಂಕನ್ ಮ್ಯಾಕ್‌ಬೆತ್‌ಗೆ ಕಾಡರ್ ಪದವಿ ಕೊಟ್ಟ ಸುದ್ದಿ ಬರುತ್ತೆ. ಅಲ್ಲಿಂದ ಶುರು. ಅದೇ ರಾಜ ಮ್ಯಾಕ್‌ಬೆತ್‌ನ ಮನೆಗೆ ಅತಿಥಿಯಾಗಿ ಬಂದು ಮಲಗಿದ ರಾತ್ರಿ, ಹೆಂಡತಿಯ ಒತ್ತಾಯಕ್ಕೆ ಮ್ಯಾಕ್‌ಬೆತ್ ಅವನನ್ನ ಕೊಲ್ಲುತ್ತಾನೆ. ರಾಜ ಆಗ್ತಾನೆ. ಆಮೇಲೆ ಕೊಲೆ ಮೇಲೆ ಕೊಲೆ.

ಕಾಲೇಜಿನಲ್ಲಿ ನನಗೆ ಅರ್ಥ ಆಗಿದ್ದು ಇಷ್ಟೇ: ದುರಾಸೆ ಪಟ್ಟರೆ ಕೆಡ್ತೀಯ. ಮತ್ತೆ, ಹೆಂಡತಿ ಮಾತು ಕೇಳಿದ್ರೆ ಕೆಡ್ತೀಯ (ಇದು ಹಾಸ್ಟೆಲ್ ಹುಡುಗರ ವ್ಯಾಖ್ಯಾನ!). ಈಗ ಓದಿದರೆ ಬೇರೆಯೇ ಕಾಣುತ್ತೆ. ಮ್ಯಾಕ್‌ಬೆತ್‌ಗೆ ತಾನು ಮಾಡೋಕೆ ಹೊರಟಿರೋದು ತಪ್ಪು ಅಂತ ಗೊತ್ತಿಲ್ಲ ಅಂತಲ್ಲ. ಅವನಷ್ಟು ಚೆನ್ನಾಗಿ ಆ ನಾಟಕದಲ್ಲಿ ಯಾರಿಗೂ ಗೊತ್ತಿಲ್ಲ! ಮೊದಲನೇ ಅಂಕದ ಕೊನೇ ದೃಶ್ಯದಲ್ಲಿ ಊಟದ ಮನೆಯಿಂದ ಎದ್ದು ಬಂದು ಒಬ್ಬನೇ ಲೆಕ್ಕ ಹಾಕ್ತಾನೆ. ನಾನು ಅವನ ನೆಂಟ, ಅವನ ಪ್ರಜೆ, ಅವನಿಗೆ ಅನ್ನ ಹಾಕುತ್ತಿರುವ ಮನೆಯವನು. ಕೊಲ್ಲೋಕೆ ಬಂದವರನ್ನ ತಡೀಬೇಕಾದವನು ನಾನು. ರಾಜ ಒಳ್ಳೆಯವನು, ಯಾರಿಗೂ ಕೆಟ್ಟದ್ದು ಮಾಡಿಲ್ಲ. ಮಾಡಬಾರದು ಅನ್ನೋಕೆ ಇಷ್ಟು ಕಾರಣ. ಮಾಡೋಕೆ ಒಂದೇ, ತನ್ನ ಆಸೆ. ಹೆಂಡತಿ ಬಂದಾಗ "ಇದನ್ನ ಇಲ್ಲಿಗೇ ಬಿಡೋಣ" ಅನ್ನುವ ಮಟ್ಟಕ್ಕೆ ಬರ್ತಾನೆ. ಆದರೆ ಅವಳಿಗೆ ಆ ಕಾರಣಗಳಲ್ಲಿ ಒಂದನ್ನೂ ಹೇಳಲ್ಲ. ರಾಜ ನನಗೆ ಈಗ ತಾನೇ ಮರ್ಯಾದೆ ಮಾಡಿದ್ದಾನೆ, ನಾಲ್ಕು ಜನ ಹೊಗಳ್ತಿದ್ದಾರೆ, ಅದನ್ನ ಇಷ್ಟು ಬೇಗ ಯಾಕೆ ಕಳ್ಕೋಬೇಕು ಅಂತ ಹೇಳ್ತಾನೆ. ನ್ಯಾಯದ ಮಾತು ಗೊತ್ತಿದ್ದೂ ಬಾಯಿಗೆ ಬಂದಿದ್ದು ಲಾಭ-ನಷ್ಟದ ಮಾತು. ಅವಳು "ಹೇಡಿ" ಅಂತ ಮೂದಲಿಸಿದ ತಕ್ಷಣ ಲಾಭ-ನಷ್ಟದ ಲೆಕ್ಕ ತಿರುಗಿ ಬೀಳುತ್ತೆ. ಅಲ್ಲಿಗೆ ಮುಗೀತು.

ಆಮೇಲಿನದ್ದು ಇಳಿಜಾರು. ಮೊದಲ ಕೊಲೆಗೆ ಇಷ್ಟು ಒದ್ದಾಡಿದವನು, ಎರಡನೆಯದಕ್ಕೆ, ಅಂದರೆ ಗೆಳೆಯ ಬ್ಯಾಂಕೋನನ್ನೇ ಮುಗಿಸೋಕೆ ಬಾಡಿಗೆ ಜನರನ್ನ ಕಳಿಸ್ತಾನೆ. ಹೆಂಡತಿಗೂ ಹೇಳಲ್ಲ. ಮೂರನೆಯದಕ್ಕೆ, ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನ ಕೊಲ್ಲಿಸೋಕೆ, ಯೋಚನೆಯನ್ನೇ ಮಾಡಲ್ಲ. ಯೋಚನೆ ಮಾಡೋದನ್ನ ನಿಲ್ಲಿಸ್ತೀನಿ ಅಂತ ಅವನೇ ತೀರ್ಮಾನ ಮಾಡ್ಕೊಳ್ತಾನೆ. ಕೊನೆಗೆ ಹೆಂಗಸರು ಅಳುವ ಸದ್ದು ಕೇಳಿದರೂ ಅವನಿಗೆ ಭಯ ಆಗಲ್ಲ, ಭಯದ ರುಚಿಯೇ ಮರೆತುಹೋಗಿದೆ. ಅತ್ತ ಹೆಂಡತಿಯದ್ದು ಉಲ್ಟಾ. ಆ ರಾತ್ರಿ ಸ್ವಲ್ಪ ನೀರಲ್ಲಿ ಕೈ ತೊಳೆದರೆ ಸರಿಹೋಗುತ್ತೆ ಅಂದವಳು, ಕೊನೇ ಅಂಕದಲ್ಲಿ ನಿದ್ದೆಯಲ್ಲಿ ಎದ್ದು ಓಡಾಡ್ತಾ ಇಲ್ಲದ ರಕ್ತವನ್ನ ಉಜ್ಜಿ ಉಜ್ಜಿ ತೊಳೀತಾಳೆ. ಗಂಡನಿಗೆ ಏನೂ ಅನ್ನಿಸದ ಹಾಗೆ ಆಯಿತು, ಹೆಂಡತಿಗೆ ತಡೆಯಲಾರದಷ್ಟು ಅನ್ನಿಸಿತು. ಎರಡರಲ್ಲಿ ಯಾವುದು ದೊಡ್ಡ ಶಿಕ್ಷೆ ನೀವೇ ಹೇಳಿ.

*

ಆದರೆ ನನ್ನ ನಿದ್ದೆ ಕೆಡಿಸಿದ್ದು ಇವರಿಬ್ಬರೂ ಅಲ್ಲ, ಬ್ಯಾಂಕೋ.

ಅದಕ್ಕೆ ಮುಂಚೆ ಸ್ವಲ್ಪ ಇತಿಹಾಸ. ನಿಜವಾದ ಮ್ಯಾಕ್‌ಬೆತ್ 1040ರಿಂದ 1057ರವರೆಗೆ, ಹದಿನೇಳು ವರ್ಷ ಸ್ಕಾಟ್ಲೆಂಡ್ ಆಳಿದ ರಾಜ. ಡಂಕನ್ ಸತ್ತದ್ದು ಹಾಸಿಗೆಯಲ್ಲಲ್ಲ, ಯುದ್ಧದಲ್ಲಿ. ಮುದುಕನೂ ಅಲ್ಲ. ಮ್ಯಾಕ್‌ಬೆತ್ 1050ರಲ್ಲಿ ರೋಮ್ ಯಾತ್ರೆಗೆ ಹೋಗಿ ಬಡವರಿಗೆ ಧಾರಾಳವಾಗಿ ಹಣ ಹಂಚಿದ ಅಂತ ದಾಖಲೆ ಇದೆ. ದೇಶ ಬಿಟ್ಟು ಅಷ್ಟು ದೂರ ಹೋಗಿ ಬರೋಕೆ ಧೈರ್ಯ ಇತ್ತು ಅಂದಮೇಲೆ ಸಿಂಹಾಸನ ಗಟ್ಟಿಯಾಗೇ ಇದ್ದಿರಬೇಕು. ಬ್ಯಾಂಕೋ ಅಂತೂ ಇರಲೇ ಇಲ್ಲ, ನಂತರದ ಚರಿತ್ರೆಕಾರರು ಕಟ್ಟಿದ ಪಾತ್ರ ಅಂತ ಇತಿಹಾಸ ಬಲ್ಲವರು ಹೇಳ್ತಾರೆ.

ಶೇಕ್ಸ್‌ಪಿಯರ್ ಕಥೆ ಎತ್ತಿಕೊಂಡದ್ದು ಹಾಲಿನ್‌ಶೆಡ್‌ನ ಚರಿತ್ರೆ ಪುಸ್ತಕದಿಂದ. ಆ ಪುಸ್ತಕದಲ್ಲಿ ಬ್ಯಾಂಕೋ ಕೊಲೆಯಲ್ಲಿ ಪಾಲುದಾರ! ಮ್ಯಾಕ್‌ಬೆತ್ ತನ್ನ ನಂಬಿಕಸ್ಥರ ಜೊತೆ ಸಂಚು ಮಾಡ್ತಾನೆ, ಅವರಲ್ಲಿ ಬ್ಯಾಂಕೋನೇ ಮುಖ್ಯ. ಆದರೆ ಶೇಕ್ಸ್‌ಪಿಯರ್ ನಾಟಕ ಬರೆದದ್ದು 1606ರ ಸುಮಾರಿಗೆ. ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿ ಇದ್ದವನು ಸ್ಕಾಟ್ಲೆಂಡಿನಿಂದ ಬಂದ ಜೇಮ್ಸ್ ರಾಜ. ಅವನ ಮನೆತನ ತಾನು ಬ್ಯಾಂಕೋನ ವಂಶ ಅಂತ ಹೇಳಿಕೊಳ್ಳುತ್ತಿತ್ತು. ಹಿಂದಿನ ವರ್ಷ, 1605ರ ನವೆಂಬರಿನಲ್ಲಿ, ಪಾರ್ಲಿಮೆಂಟಿನ ಕೆಳಗೆ ಸಿಡಿಮದ್ದು ಇಟ್ಟು ಇದೇ ರಾಜನನ್ನ ಕೊಲ್ಲೋ ಸಂಚು ಬಯಲಾಗಿತ್ತು. ಅಂಥ ಹೊತ್ತಲ್ಲಿ ರಾಜನ ಮೂಲಪುರುಷ ಕೊಲೆಗಾರ ಅಂತ ಬರೆಯೋಕಾಗುತ್ತಾ? ಹಾಗಾಗಿ ಬ್ಯಾಂಕೋನನ್ನ ಸಂಚಿನಿಂದ ಹೊರಗೆ ತಂದ.

ಪೂರ್ತಿ ತೊಳೆದನಾ? ಇಲ್ಲ. ಅದೇ ಮಜಾ. ಮೂರನೇ ಅಂಕದ ಮೊದಲನೇ ದೃಶ್ಯ ತೆಗೆದು ನೋಡಿ. ಬ್ಯಾಂಕೋ ಒಬ್ಬನೇ ಇದ್ದಾನೆ. ಮನಸ್ಸಲ್ಲೇ ಮ್ಯಾಕ್‌ಬೆತ್ ಜೊತೆ ಮಾತಾಡ್ತಾನೆ: ನಿನಗೆ ಹೇಳಿದ್ದೆಲ್ಲಾ ಸಿಕ್ತು, ಅದಕ್ಕಾಗಿ ನೀನು ಹೊಲಸು ಆಟ ಆಡಿದೆ ಅಂತ ನನಗೆ ಅನುಮಾನ. ಸರಿ, ಮುಂದೇನು? ಮಂತ್ರಿಗಳಿಗೆ ಹೇಳ್ತಾನಾ? ಓಡಿಹೋದ ರಾಜಕುಮಾರನಿಗೆ ಸುದ್ದಿ ಮುಟ್ಟಿಸ್ತಾನಾ? ಏನೂ ಇಲ್ಲ. ಮುಂದಿನ ಯೋಚನೆ ಏನು ಅಂದ್ರೆ, ಅವರು ನಿನಗೆ ಹೇಳಿದ್ದು ನಿಜ ಆಯಿತು ಅಂದಮೇಲೆ ನನಗೆ ಹೇಳಿದ್ದೂ ನಿಜ ಆಗಬಹುದಲ್ವಾ? ಅಷ್ಟರಲ್ಲಿ ಕಹಳೆ ಊದ್ತಾರೆ. ಸಾಕು, ಸುಮ್ಮನಿರು ಅಂತ ತನಗೆ ತಾನೇ ಹೇಳ್ಕೊಳ್ತಾನೆ. ಹೊಸ ರಾಜ ಬರ್ತಾನೆ, ಬ್ಯಾಂಕೋ ತಲೆಬಾಗಿ ನಿಮ್ಮ ಅಪ್ಪಣೆ ಅಂತಾನೆ.

ಮಾಟಗಾತಿಯರ ಮಾತನ್ನ ನಂಬಬೇಡ, ದುಷ್ಟಶಕ್ತಿಗಳು ಚಿಕ್ಕ ಸತ್ಯ ಹೇಳಿ ದೊಡ್ಡ ವಿಷಯದಲ್ಲಿ ಮೋಸ ಮಾಡ್ತಾವೆ ಅಂತ ಮೊದಲನೇ ದಿನ ಮ್ಯಾಕ್‌ಬೆತ್‌ಗೆ ಎಚ್ಚರಿಕೆ ಕೊಟ್ಟವನೂ ಇವನೇ. ಬೇರೆಯವರಿಗೆ ಬುದ್ಧಿ ಹೇಳುವಾಗ ಎಲ್ಲಾ ಸರಿಯಾಗಿತ್ತು. ತನ್ನ ಪಾಲಿನ ಲಡ್ಡು ಕಣ್ಣ ಮುಂದೆ ಬಂದಾಗ ಬಾಯಿ ಮುಚ್ಚಿಹೋಯಿತು. ಅದೇ ಮೌನ ಅವನನ್ನ ತಿಂದುಹಾಕುತ್ತೆ. ಸಾಯಂಕಾಲ ಕುದುರೆ ಸವಾರಿ ಹೋಗ್ತೀಯಾ, ದೂರ ಹೋಗ್ತೀಯಾ, ಮಗನೂ ಬರ್ತಾನಾ ಅಂತ ಮ್ಯಾಕ್‌ಬೆತ್ ಮಾತಿನ ಮಧ್ಯೆ ಸುಮ್ಮನೆ ಕೇಳಿದ ಹಾಗೆ ಕೇಳ್ತಾನೆ. ಬ್ಯಾಂಕೋ ಮೂರಕ್ಕೂ ಉತ್ತರ ಕೊಡ್ತಾನೆ. ಅದೇ ರಾತ್ರಿ ಕೊಲೆಯಾಗ್ತಾನೆ.

*

ಕನ್ನಡಕ್ಕೂ ಈ ನಾಟಕಕ್ಕೂ ಹಳೇ ಸಂಬಂಧ. ಡಿ.ವಿ.ಜಿ. ಇದನ್ನ ಕನ್ನಡಕ್ಕೆ ತಂದಿದ್ದಾರೆ. ಬಿ.ವಿ. ಕಾರಂತರು 1979ರಲ್ಲಿ ದೆಹಲಿಯಲ್ಲಿ ಯಕ್ಷಗಾನದ ಹೆಜ್ಜೆ ಹಾಕಿಸಿ 'ಬರ್ನಮ್ ವನ' ಅಂತ ಹಿಂದಿಯಲ್ಲಿ ಆಡಿಸಿದ್ದರು. ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಎಚ್.ಎಸ್. ಶಿವಪ್ರಕಾಶರು ಇದೇ ಕಥೆಯನ್ನ ಆಧರಿಸಿ ಬರೆದ 'ಮಾರನಾಯಕನ ದೃಷ್ಟಾಂತ'. ಅದನ್ನ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಂದ ಆಡಿಸಿದರು. ಯೋಚನೆ ಮಾಡಿ, ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಅನುಭವಿಸ್ತಾ ಇರುವವನು ರಂಗದ ಮೇಲೆ ರಕ್ತದ ಕೈ ನೋಡ್ಕೊಂಡು ನಿಲ್ಲೋದು ಹೇಗಿರಬಹುದು! ಅವನಿಗೆ ಆ ಪಾತ್ರದ ಅರ್ಥ ಯಾವ ಮೇಷ್ಟರೂ ವಿವರಿಸಬೇಕಾಗಿಲ್ಲ.

ಆದರೆ ಒಂದು ಮಾತು. ಮ್ಯಾಕ್‌ಬೆತ್‌ಗೆ ಜೈಲಿದೆ. ಬ್ಯಾಂಕೋನಿಗೆ ಯಾವ ಸೆಕ್ಷನ್ ಹಾಕ್ತೀರಾ? ಅಂಥವರು ಹೊರಗೇ ಇರ್ತಾರೆ. ಆರಾಮಾಗಿ ಇರ್ತಾರೆ. ಎಡಿನ್‌ಬರಾದಲ್ಲಿ ಬಾಡಿಗೆ ಮನೆ ಮಾಡ್ಕೊಂಡು, ವೀಕೆಂಡಿಗೆ ಓಕ್ ಮರದ ಮುಂದೆ ಫೋಟೋ ತೆಗೆಸ್ಕೊಂಡು ಇರ್ತಾರೆ.

ಹೌದು, ಈಗ ನನ್ನ ವಿಷಯ. ಬೆಂಗಳೂರಿನಲ್ಲಿ ನನ್ನ ಮೊದಲ ಕಂಪನಿ. ಒಂದು ಶುಕ್ರವಾರ ರಾತ್ರಿ ನಮ್ಮ ಲೀಡ್, ಟೆಸ್ಟಿಂಗ್ ಮುಗಿಯೋಕೆ ಮುಂಚೆಯೇ ಕೋಡನ್ನ ಪ್ರೊಡಕ್ಷನ್‌ಗೆ ಹಾಕಿಬಿಟ್ಟ. ಕ್ಲೈಂಟಿನ ಸಿಸ್ಟಮ್ ಅರ್ಧ ದಿನ ಮಲಗಿತು. ಸೋಮವಾರ ಮೀಟಿಂಗಿನಲ್ಲಿ ತಪ್ಪೆಲ್ಲಾ ಟೆಸ್ಟಿಂಗ್ ಮಾಡುತ್ತಿದ್ದ ಹುಡುಗನ ತಲೆಗೆ ಬಂತು. ಅವನು ಕೆಲಸ ಮುಗಿಸಿಲ್ಲ ಅಂತ ಹೇಳಿಯೇ ಇರಲಿಲ್ಲವಂತೆ. ಯಾರು ಎಷ್ಟು ಗಂಟೆಗೆ ಡಿಪ್ಲಾಯ್ ಮಾಡಿದರು ಅನ್ನೋ ಲಾಗ್ ಶನಿವಾರವೇ ನಾನು ನೋಡಿದ್ದೆ. "ಟೆಸ್ಟ್ ಇನ್ನೂ ಬಾಕಿ ಇದೆ" ಅಂತ ಆ ಹುಡುಗ ಕಳಿಸಿದ್ದ ಮೇಲ್ ನನಗೂ ಕಾಪಿ ಬಂದಿತ್ತು. ಬಾಯಿ ಬಿಟ್ಟು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಯಾಕಂದ್ರೆ ಅದರ ಹಿಂದಿನ ವಾರವೇ ಲೀಡ್ ನನ್ನನ್ನ ಕಾಫಿಗೆ ಕರ್ಕೊಂಡು ಹೋಗಿ, ಆನ್‌ಸೈಟಿಗೆ ನಿನ್ನ ಹೆಸರು ಕೊಟ್ಟಿದೀನಿ ಅಂದಿದ್ದ.

ಆಮೇಲೆ ನನಗೆ ನಾನೇ ಹೇಳಿಕೊಂಡ ಸಮಾಧಾನಗಳು ಒಂದೆರಡಲ್ಲ. ನನ್ನನ್ನ ಯಾರೂ ಕೇಳಲಿಲ್ಲವಲ್ಲ. ಮೇಲ್ ಅವನ ಹತ್ರಾನೂ ಇದೆಯಲ್ಲ, ಅವನೇ ತೋರಿಸಲಿ. ನಾನೇನು ಸುಳ್ಳು ಹೇಳಿದ್ನಾ? ಅವನು ಮೇಲ್ ತೋರಿಸಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ತಿಂಗಳಲ್ಲಿ ಅವನೇ ಕೆಲಸ ಬಿಡುವ ಹಾಗೆ ಮಾಡಿದರು. ಐದನೇ ತಿಂಗಳು ನಾನು ವಿಮಾನ ಹತ್ತಿದೆ. ಏರ್‌ಪೋರ್ಟಿಗೆ ಬಂದ ಅಮ್ಮ "ನನ್ನ ಮಗ ಸ್ವಂತ ಶಕ್ತಿಯಿಂದ ಮೇಲೆ ಬಂದ" ಅಂತ ಚಿಕ್ಕಮ್ಮನ ಹತ್ರ ಹೇಳ್ತಿದ್ರು.

ಕೊಲೆಗೂ ಇದಕ್ಕೂ ಹೋಲಿಸೋದು ಅತಿ ಆಯಿತು ಅಂತೀರಾ? ಇರಬಹುದು. ಆದರೆ ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಅಂತ ನಮ್ಮಜ್ಜಿ ಹೇಳ್ತಿದ್ರು. ಮಹತ್ವಾಕಾಂಕ್ಷೆ ಅಂದ ಕೂಡಲೇ ನಮಗೆ ಕತ್ತಿ, ಸಿಂಹಾಸನ ಕಣ್ಣಿಗೆ ಬರುತ್ತೆ. ಮ್ಯಾಕ್‌ಬೆತ್ ನೋಡಿ, ಸದ್ಯ ನಾನು ಹಾಗಲ್ಲ ಅಂದ್ಕೊಂಡು ಮನೆಗೆ ಹೋಗ್ತೀವಿ. ನಿಜವಾಗಿ ನಮ್ಮಂಥವರ ಆಸೆಗೆ ಕತ್ತಿ ಬೇಕಾಗೇ ಇಲ್ಲ. ಸುಮ್ಮನಿದ್ದರೆ ಸಾಕು. ಇನ್ನೊಬ್ಬರು ಕತ್ತಿ ಹಿಡಿದಾಗ ಆಕಡೆ ನೋಡಿದರೆ ಸಾಕು. ಮ್ಯಾಕ್‌ಬೆತ್ ಒಂಟಿಯಾಗಿ ರಾಜ ಆಗಲಿಲ್ಲ. ಗೊತ್ತಿದ್ದೂ ತಲೆಬಾಗಿದ ಬ್ಯಾಂಕೋಗಳು ಅವನನ್ನ ರಾಜ ಮಾಡಿದರು.

ಓಕ್ ಮರ ನೋಡಿ ಬಂದ ಮೇಲೆ ಎರಡು ವಾರ ಒದ್ದಾಡಿ, ಆ ಹುಡುಗನ ನಂಬರ್ ಹುಡುಕಿ ಮೆಸೇಜ್ ಮಾಡಿದೆ. "ಆವತ್ತಿನ ಲಾಗ್ ನಾನು ನೋಡಿದ್ದೆ ಕಣೋ. ಮೀಟಿಂಗಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯ್ತು."

ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಆಫೀಸಿನಲ್ಲಿ ಇದ್ದಾಗ ಫೋನ್ ಸದ್ದು ಮಾಡಿತು.

"ನಿಂಗೂ ಮೇಲ್ ಕಾಪಿ ಹಾಕಿದ್ದೆನಲ್ಲ ಗುರು. ನಿಂಗೊತ್ತು ಅಂತ ನಂಗೆ ಆವತ್ತೇ ಗೊತ್ತಿತ್ತು."

ಅಷ್ಟೇ. ಬೈದಿಲ್ಲ, ಪರವಾಗಿಲ್ಲ ಬಿಡು ಅಂತಾನೂ ಹೇಳಿಲ್ಲ. ಏನು ಉತ್ತರ ಬರೆಯೋದು ಅಂತ ಇವತ್ತಿಗೂ ನನಗೆ ಹೊಳೆದಿಲ್ಲ.

ನಿಮ್ಮ ಹತ್ತಿರ ನಾಟಕ ಇದ್ದರೆ ಆ ಮೂರನೇ ಅಂಕದ ಮೊದಲ ಪುಟ ಒಮ್ಮೆ ಓದಿ. ಹತ್ತೇ ಸಾಲು. ಕಾಲೇಜಿನಲ್ಲಿ ಆ ದೃಶ್ಯ ನಡೆಯುವಾಗ ನಾನು ಸೈಡ್‌ವಿಂಗಿನಲ್ಲಿ ಹೊಂಗೆ ಕೊಂಬೆ ಹಿಡ್ಕೊಂಡು, ನನ್ನ ಸರದಿ ಯಾವಾಗ ಬರುತ್ತೋ ಅಂತ ಕಾಯ್ತಾ ನಿಂತಿದ್ದೆ.